ಕುಳವಾಡಿ ಮಗನ ರಾಯಭಾರ

ನನ್ನ ತಮ್ಮನ ಡೆಲ್ಲಿ ಕೆಲಸ ತಪ್ಪಿಸಿದವಳು ನಾನು. ಲಂಚ ಕೊಡದೆ ತಪ್ಪಿದ್ದಲ್ಲ. ಡೆಲ್ಲಿಯ ದೊಡ್ಡವರು ತಮ್ಮ ಕಡೆಯವನನ್ನು ತೂರಿಸಿದ್ದೂ ಅಲ್ಲ. ನಮ್ಮೂರ ಪಟೇಲ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದೂ ಅಲ್ಲ. ಕೇರಿಯ ಹುಣಸೆ ಮರದ ಕೆಳಗೆ ನಿಂತಿದ್ದ ಒಬ್ಬ ಪೊಲೀಸಿನವನಿಗೆ ನಾನು ಹೇಳಿದ ನಾಲ್ಕು ಸುಳ್ಳಿನಿಂದ ತಪ್ಪಿತು. ಅಷ್ಟೇ.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣ ಸಿಟ್ಟು. ಮೊನ್ನೆ ಮೊಮ್ಮಗಳ ಮದುವೆ ಮಾತುಕತೆಗೆ ಎಲ್ಲರೂ ಕೂತಿದ್ದಾಗ ನನ್ನ ಅಳಿಯ ಬೀಗರ ಮುಂದೆ ಶುರು ಹಚ್ಚಿಕೊಂಡ. "ನಮ್ಮ ಚಿಕ್ಕಮಾವ ಫಾರಿನ್ನಿನಲ್ಲಿ ರಾಯಭಾರಿ ಆಗಬೇಕಿತ್ತು, ಜಾತಿ ನೋಡಿ ತುಳಿದರು" ಅಂತ. ರಾಯಭಾರಿಯೂ ಅಲ್ಲ, ಎಂಥದೂ ಅಲ್ಲ, ರಾಯಭಾರ ಕಚೇರಿಯ ಗುಮಾಸ್ತನ ಕೆಲಸ ಅದು. ತಮ್ಮ ಅಲ್ಲೇ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ರಿಟೈರಾದವನು, ಸಾವಿರಾರು ಮಕ್ಕಳ ತಪ್ಪು ತಿದ್ದಿದವನು, ಈ ತಪ್ಪು ಮಾತ್ರ ತಿದ್ದಲಿಲ್ಲ. ನನ್ನನ್ನು ಉಳಿಸುವುದಕ್ಕೆ ಸುಮ್ಮನಿದ್ದ. ಇಷ್ಟು ವರ್ಷವೂ ಹಾಗೇ ಇದ್ದಾನೆ. ಅವನು ನನ್ನನ್ನು ಉಳಿಸಬೇಕಾಗಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯುವುದಕ್ಕೆ ಅಷ್ಟು ಸಾಕು.

ನಮ್ಮೂರು ಹೊಳೆನರಸೀಪುರದ ಹತ್ತಿರ. ನಮ್ಮಪ್ಪ ಆ ಊರಿನ ಕುಳವಾಡಿ. ಊರಿನಲ್ಲಿ ಯಾರಾದರೂ ಸತ್ತರೆ ನೆಂಟರ ಊರಿಗೆ ಸುದ್ದಿ ಒಯ್ಯುವವನು ಅವನು. ಕಾಲುವೆ ನೀರಿಗೆ ಪಕ್ಕದೂರಿನವರೊಡನೆ ಜಗಳ ಬಂದರೆ ಪಟೇಲರ ಮಾತನ್ನು ಅವರಿಗೆ, ಅವರ ಮಾತನ್ನು ಪಟೇಲರಿಗೆ ಮುಟ್ಟಿಸುವವನೂ ಅವನೇ. ಎರಡು ಊರಿನ ಎಲ್ಲೆ ಎಲ್ಲಿ ಅಂತ ತಕರಾರಾದರೆ ಅಪ್ಪ ಕಂಬಳಿ ಹೊದ್ದು ಮುಂದೆ ನಡೆಯುತ್ತಿದ್ದ, ಎರಡೂ ಊರಿನವರು ಹಿಂದೆ ಬರುತ್ತಿದ್ದರು. ಅವನು ನಡೆದದ್ದೇ ಎಲ್ಲೆ. ಯಾರೂ ಎದುರು ಮಾತಾಡುವ ಹಾಗಿರಲಿಲ್ಲ. ಅಷ್ಟು ನಂಬಿಕೆಯ ಮನುಷ್ಯನನ್ನು ಜಗಲಿ ಮೇಲೆ ಮಾತ್ರ ಯಾರೂ ಹತ್ತಿಸಲಿಲ್ಲ. ಊರಿಗೆಲ್ಲ ಅವನ ನಾಲಿಗೆ ಬೇಕು, ಅವನ ಕಾಲು ಅಂಗಳದಲ್ಲೇ ಇರಬೇಕು.

ಈ ಕೆಲಸಕ್ಕೆ ಅವನದೇ ಕಾನೂನುಗಳಿದ್ದವು. ನಮಗೂ ಕಲಿಸಿದ್ದ.

"ಏಳ್ಕಳ್ಸಿದ್ ಮಾತಿಗೆ ಒಂದು ಸೇರಿಸ್‌ಬ್ಯಾಡಿ, ಒಂದು ಬುಡಬ್ಯಾಡಿ" ಅನ್ನುತ್ತಿದ್ದ. "ಸಾವಿನ ಸುದ್ದಿ ಆದ್ರೆ ಅಂಗಳದಲ್ಲಿ ನಿಂತೇಟ್ಗೆ ಏಳ್ಬುಡಿ, ನೀರೂ ಕುಡೀಬ್ಯಾಡಿ. ಬೈಗುಳ ಆದ್ರೆ ಉಂಡಾದ್ಮ್ಯಾಲೆ ಏಳಿ."

"ಅದ್ಯಾಕಪ್ಪ ಉಂಡಾದ್ಮ್ಯಾಲೆ?" ಅಂತ ತಮ್ಮ ಕೇಳಿದರೆ, "ಮೊದ್ಲೇ ಏಳುದ್ರೆ ಉಣ್ಣಕ್ಕೆ ಇಕ್ತಾರೇನ್ಲಾ?" ಅಂತ ನಗುತ್ತಿದ್ದ.

ಇನ್ನೊಂದು ಕಾನೂನಿತ್ತು. ಅದು ಅಪ್ಪನೊಬ್ಬನದಲ್ಲ, ಇಡೀ ಕೇರಿಯದು. ಪೊಲೀಸಿನವನು ಬಂದು ಯಾರನ್ನಾದರೂ ಹೆಸರು ಹಿಡಿದು ಕೇಳಿದರೆ ಅಂಥವನು ಇಲ್ಲ, ಇದ್ದರೂ ನಮಗೆ ಗೊತ್ತಿಲ್ಲ, ಗೊತ್ತಿದ್ದರೂ ನಮಗೂ ಅವನಿಗೂ ಸಂಬಂಧವಿಲ್ಲ. ಇದು ಸುಮ್ಮನೆ ಹುಟ್ಟಿದ್ದಲ್ಲ. ನನ್ನನ್ನು ಅದೇ ಕೇರಿಯಲ್ಲೇ ಮದುವೆ ಮಾಡಿಕೊಟ್ಟ ವರ್ಷ ಯಾರದೋ ತೋಟದಲ್ಲಿ ತೆಂಗಿನಕಾಯಿ ಕಳುವಾಗಿತ್ತು. ಪೊಲೀಸಿನವನು ಬಂದು ನಮ್ಮ ಪಕ್ಕದ ಮನೆಯ ಅಜ್ಜಿಯನ್ನು "ನಿನ್ನ ಮಗ ಎಲ್ಲಮ್ಮಿ?" ಅಂದ. ಆಕೆಗೆ ಏನು ಗೊತ್ತು, "ಒಳಗೆ ಉಣ್ತಾವ್ನೆ ಸಾ" ಅಂತ ತಾನೇ ಕೂಗಿ ಕರೆದಳು. ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದು ಹೋದವನು ಎಂಟನೇ ದಿನಕ್ಕೆ ವಾಪಸು ಬಂದ. ಬಲಗೈ ಸೊಟ್ಟಗಾಗಿತ್ತು. ಕದ್ದವನು ಬೇರೆ ಯಾರೋ ಅಂತ ಆಮೇಲೆ ತಿಳಿಯಿತು. ಕೈ ಮಾತ್ರ ನೆಟ್ಟಗಾಗಲಿಲ್ಲ. ಅವತ್ತಿನಿಂದ ನಮ್ಮ ಕೇರಿಯಲ್ಲಿ ಪೊಲೀಸಿಗೆ ಹೇಳಲು ಇದ್ದದ್ದು ಒಂದೇ ಉತ್ತರ.

ತಮ್ಮ ಒಂಬತ್ತು ವರ್ಷಕ್ಕೆ ಸ್ಕೂಲು ಸೇರಿದ. ಲೇಟಾಗಿ ಸೇರಿದರೂ ಬಿಟ್ಟವನಲ್ಲ. ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು, ಹಾಸನದಲ್ಲಿ ಕಾಲೇಜು. ಅವನ ಕಿವಿ ದೊಡ್ಡದು. ಬಸ್ ಸ್ಟ್ಯಾಂಡಿನ ಬೀಡಿ ಅಂಗಡಿಯವರ ಹತ್ತಿರ ನಿಂತು ನಿಂತೇ ಉರ್ದು ಕಲಿತ. ತೆಂಗಿನಕಾಯಿ ಕೊಳ್ಳಲು ಬರುತ್ತಿದ್ದ ತಮಿಳು ಸಾಬರಿಂದ ತಮಿಳು ಕಲಿತ. ಹಾಸನದಲ್ಲಿ ಟೆಂಪರರಿ ಗುಮಾಸ್ತನಾಗಿದ್ದಾಗ ಕಾಲೇಜಿನ ಮೇಷ್ಟ್ರೊಬ್ಬರು ಡೆಲ್ಲಿಯ ಪರೀಕ್ಷೆಯ ವಿಷಯ ಹೇಳಿದರಂತೆ. ಚೀನಾ ಯುದ್ಧ ಮುಗಿದ ಮಾರನೆಯ ವರ್ಷ ಅದು. ಪರೀಕ್ಷೆ ಬರೆದ, ಪಾಸಾದ, ಹೇಳುವುದಕ್ಕೆ ಊರಿಗೆ ಬಂದ.

ನಾನು ಮುದ್ದೆ ತೊಳಸುತ್ತಿದ್ದೆ. ಅವನು ಹೊಸಿಲ ಮೇಲೆ ಕೂತಿದ್ದ, ಅಪ್ಪ ಗೋಡೆಗೆ ಒರಗಿದ್ದ.

"ಅಲ್ಲೋಗಿ ಏನ್ಲಾ ಮಾಡ್ತೀಯ?" ಅಂದೆ.

"ಅಪ್ಪ ಮಾಡೋ ಕೆಲ್ಸವೇ ಕಣಕ್ಕ. ಅಪ್ಪ ಈ ಊರಿನ ಮಾತು ಆ ಊರಿಗೆ ಒತ್ಕೊಂಡ್ ಓಯ್ತಾನೆ. ಅಲ್ಲಿ ಈ ದೇಶದ ಮಾತು ಆ ದೇಶಕ್ಕೆ. ನಾನು ಒರೋನಲ್ಲ, ಒರೋರು ಬೇರೆ ಇರ್ತಾರೆ. ನಾನು ಬರ್ಕೊಡೋನು. ಕಿವಿ ಚೆನ್ನಾಗಿರೋರ್ಗೆ ಆ ದೇಶದ ಭಾಷೆನೂ ಕಲಿಸ್ತಾರಂತೆ. ಚೀನಾದೋರು ತಮ್ಮ ಪೇಪರಲ್ಲಿ ನಮ್ಮ ಮೇಲೆ ಏನ್ ಬರೀತಾರೆ ಅಂತ ಓದೋರೇ ನಮ್ಮಲ್ಲಿ ಬೆರಳೆಣಿಕೆ ಜನ ಅಂತೆ. ಇನ್ಮುಂದೆ ಅಂತೋರು ಸಾನೇ ಜನ ಬೇಕು ಅಂತಾರೆ."

"ಅಲ್ಲೂ ಅಂಗಳದಲ್ಲೇ ನಿಲ್ಲುಸ್ತಾರೇನ್ಲಾ?" ಅಂದ ಅಪ್ಪ.

"ಇಲ್ಲಪ್ಪ, ಕುರ್ಚಿ ಕೊಡ್ತಾರೆ."

ಅಪ್ಪ ಮುಂದಕ್ಕೆ ಬಾಗಿದ. "ಕುರ್ಚಿ ಮ್ಯಾಲ್ ಕುಂತ್ಕೊಂಡು ಬೈಗುಳ ಏಳಕ್ಕಾಯ್ತದಾ?" ಅಂತ ಕೇಳಿದ. ನನಗೆ ನಗು ತಡೆಯದೆ ಮುದ್ದೆ ಕೋಲು ಕೈಯಿಂದ ಜಾರಿತು.

"ಇನ್ನೇನ್ ಬಾಕಿ ಐತೆ?" ಅಂತ ನಾನು ಕೇಳಿದೆ. "ಏನಿಲ್ಲ, ಆರ್ಡರ್ ಬರೋದೊಂದೇ" ಅಂದ. ಇದು ಅವನ ತಪ್ಪು. ಪೊಲೀಸಿನವರು ವಿಚಾರಿಸುತ್ತಾರೆ ಅಂತ ಅವನಿಗೆ ಗೊತ್ತಿತ್ತು. ವಿಚಾರಿಸಿದರೆ ಹಾಸನದಲ್ಲಿ, ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ವಿಚಾರಿಸಿಯಾರು, ಕೇರಿಗೆ ಯಾರು ಬರುತ್ತಾರೆ ಅಂದುಕೊಂಡ. ಫಾರಂನಲ್ಲಿ ಮಾತ್ರ ಕಾಯಂ ವಿಳಾಸ ಅಂತ ನಮ್ಮೂರನ್ನೇ ಬರೆದಿದ್ದ. ಇಷ್ಟು ಓದಿದವನಿಗೆ ಅಕ್ಕನಿಗೆ ಒಂದು ಮಾತು ಹೇಳಿ ಹೋಗಬೇಕು ಅಂತ ತೋಚಲಿಲ್ಲ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ.

ಅವನು ಬಂದು ಹೋಗಿ ಹದಿನೈದು ದಿನವಾಗಿತ್ತು. ಹುರುಳಿ ಬಡಿಯುತ್ತಿದ್ದೆವು, ನಾನು, ಪಕ್ಕದ ಮನೆಯ ಅದೇ ಅಜ್ಜಿ, ನನ್ನ ವಾರಗಿತ್ತಿ. ಅಪ್ಪ ಯಾರದೋ ಸಾವಿನ ಸುದ್ದಿ ಮುಟ್ಟಿಸಲು ಮಲ್ಲಿಪಟ್ಟಣದ ಕಡೆ ಹೋಗಿದ್ದ. ಪೊಲೀಸಿನವನು ಹುಣಸೆ ಮರಕ್ಕೆ ಸೈಕಲ್ ಒರಗಿಸಿ ಅಲ್ಲೇ ನಿಂತ. ಮರದಿಂದ ಈಚೆಗೆ ನಮ್ಮ ಕೇರಿ. ಒಂದು ಹೆಜ್ಜೆ ಈಚೆಗೆ ಇಡಲಿಲ್ಲ. ಅಲ್ಲಿಂದಲೇ ಬೆಲ್ಲು ಹೊಡೆದ. ನಾನು ಸೆರಗು ಕೊಡವಿಕೊಂಡು ಹೋದೆ.

ಕಾಗದ ನೋಡಿ ತಮ್ಮನ ಹೆಸರು ಓದಿದ. ಸ್ಕೂಲಿನಲ್ಲಿ ಬರೆಸಿದ ಪೂರ್ತಿ ಹೆಸರು. "ಇವ್ನು ಈ ಕೇರಿಯೋನೇನಮ್ಮಿ?"

"ಯಾರು ಸಾ?"

"ಕಿವಿ ಕೇಳಾಕಿಲ್ವಾ? ಕುಳವಾಡಿ ಮಗ. ಎಲ್ಲವ್ನೆ?"

"ಎಲ್ಲವ್ನೋ ಯಾರ್ ಕಂಡೋರು ಸಾ."

"ಊರ್ಗೆ ಬತ್ತಾ ಓಯ್ತಾ ಇರ್ತಾನಾ?"

"ಇಲ್ಲ ಸಾ. ಬಂದು ಎಷ್ಟೋ ವರ್ಸ ಆಯ್ತು."

ಹದಿನೈದು ದಿನದ ಹಿಂದೆ ಅವನು ಬಿಟ್ಟುಹೋದ ಹಳೆ ಶರ್ಟನ್ನು ಅವತ್ತೇ ಬೆಳಗ್ಗೆ ಒಗೆದು ಬೇಲಿ ಮೇಲೆ ಹರವಿದ್ದೆ. ಬಿಳಿ ಶರ್ಟು, ಕಾಲರಿನದು. ಪೊಲೀಸಿನವನ ಕಣ್ಣು ಅದರ ಮೇಲೆ ಹೋಯಿತು.

"ಅದ್ಯಾರ್ದು ಶರ್ಟು?"

"ನಮ್ ಯಜಮಾನಂದು ಸಾ."

ನನ್ನ ಗಂಡ ಜನ್ಮದಲ್ಲಿ ಕಾಲರಿನ ಶರ್ಟು ಹಾಕಿದವನಲ್ಲ. ಬರಿ ಮೈಯಲ್ಲಿ ದನ ಹೊಡೆದುಕೊಂಡು ಅದೇ ಹೊತ್ತಿಗೆ ಎದುರಿಗೆ ಬಂದ. ಬಂದವನು ಸೈಕಲ್ಲು ಕಂಡು ದನದ ಸಮೇತ ವಾಪಸು ತಿರುಗಿದ.

"ನಿಂಗೇನಾಗ್ಬೇಕು ಇವ್ನು?"

"ಏನೂ ಆಗ್ಬೇಕಿಲ್ಲ ಸಾ. ಒಂದ್ ಕಾಲ್ದಲ್ಲಿ ತಮ್ಮ. ಈಗ ಅವನ್ಗೂ ನಮ್ಗೂ ಯಾವ್ ಸಂಬಂಧನೂ ಇಲ್ಲ."

"ಯಾಕೆ? ಏನ್ ಮಾಡ್ದ?"

ಇಲ್ಲಿ ನಾನು ಎಚ್ಚರವಾಗಬೇಕಿತ್ತು. ಹಿಡಿಯಲು ಬಂದವನು ಏನು ಮಾಡಿದ ಅಂತ ನಮ್ಮನ್ನು ಕೇಳುವುದಿಲ್ಲ, ಅವನೇ ಹೇಳುತ್ತಾನೆ. ನನಗೆ ಹೊಳೆಯಲಿಲ್ಲ. "ಅದೆಲ್ಲ ಯಾಕೆ ಬುಡಿ ಸಾ" ಅಂದೆ. ಕೇಸು ಅಲ್ಲಿಗೇ ಮುಗಿಯಿತು. ಸ್ವಂತ ಅಕ್ಕನೇ ಬಾಯಿಬಿಟ್ಟು ಹೇಳಲಾಗದಂಥದ್ದು ಏನೋ ಮಾಡಿದ್ದಾನೆ ಅಂತ ಯಾರಿಗಾದರೂ ಅನ್ನಿಸಬೇಕು, ಅವನಿಗೂ ಅನ್ನಿಸಿತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಬರೆದುಕೊಂಡ.

ಸಾಲದು ಅಂತ ಪಕ್ಕದ ಮನೆ ಅಜ್ಜಿ ಬಂದಳು. ಮಗನ ಕೈ ಸೊಟ್ಟಗಾದವಳು, ನನಗೆ ಒತ್ತಾಸೆಯಾಗಲೇಬೇಕಲ್ಲ. ತಮ್ಮ ಹೇಳಿದ ಫಾರಿನ್ನಿನ ಮಾತು ಕೇರಿಯೆಲ್ಲ ಹರಡಿತ್ತು. ಆಕೆ ಅದನ್ನೇ ತಿರುಗಿಸಿ, "ಅವ್ನು ಆಗ್ಲೇ ಅಡಗು ಅತ್ಕೊಂಡು ಒರದೇಶಕ್ಕೆ ಓಡೋದ್ನಂತೆ ಸಾ. ಇಲ್ಲಿ ಯಾಕ್ ಉಡುಕ್ತೀರಿ?" ಅಂದುಬಿಟ್ಟಳು.

"ಯಾವ್ ದೇಶಕ್ಕೆ?"

"ಚೀನಾನೋ ಗೀನಾನೋ. ನಮ್ಗೇನ್ ಗೊತ್ತಾಯ್ತದೆ ಸಾ."

ಅದನ್ನೂ ಬರೆದುಕೊಂಡ.

ಸೈಕಲ್ಲು ತಿರುಗಿ ಊರೊಳಗೆ ಪಟೇಲರ ಮನೆ ಕಡೆ ಹೋಯಿತು. ನಾವು ಮೂವರೂ ಹುರುಳಿ ಬಡಿಯುವ ಕೋಲು ಹಿಡಿದುಕೊಂಡು ನಕ್ಕೆವು. ಮಾರನೆಯ ದಿನ ಅಪ್ಪ ಬಂದಾಗ ನಡೆದದ್ದೆಲ್ಲ ಹೇಳಿದೆ. "ಸರ್ಯಾಗ್ ಏಳ್ದೆ ಮಗ" ಅಂತ ತಲೆ ಸವರಿದ. ನಮ್ಮಪ್ಪ ನನ್ನ ತಲೆ ಸವರಿದ್ದು ನನಗೆ ನೆನಪಿರುವ ಹಾಗೆ ಅದೊಂದೇ ಸಲ.

ತಮ್ಮನಿಗೆ ಈ ಸಂಗತಿ ಕಾಗದದಲ್ಲಿ ತಿಳಿಸೋಣ ಅಂದುಕೊಂಡೆ, ಕಾಗದ ಪೊಲೀಸರ ಕೈಗೆ ಸಿಕ್ಕಿದರೆ ಏನು ಗತಿ ಅಂತ ಅದನ್ನೂ ಬಿಟ್ಟೆ. ಅಷ್ಟು ಜಾಣೆ ನಾನು.

ಯುಗಾದಿ ಕಳೆದು ತಿಂಗಳಾಗಿತ್ತು, ಒಂದು ಮಧ್ಯಾಹ್ನ ತಮ್ಮ ಬಸ್ಸಿಳಿದು ಬಂದ. ಕೈಕಾಲು ತೊಳೆಯಲಿಲ್ಲ, ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟ. ಇಂಗ್ಲಿಷಿನಲ್ಲಿ ಎರಡೇ ಸಾಲು.

"ಏನಂತೆ?"

"ನನ್ನ ತಗೊಳ್ಳಕ್ಕಾಗಲ್ವಂತೆ."

"ಯಾಕಂತೆ?"

"ಅದುನ್ನ ಬರ್ದಿಲ್ಲ ಕಣಕ್ಕ."

ಇನ್ನೊಂದು ಸಲ ಬರೆಯೋ ಅಂದರೆ ವಯಸ್ಸು ಮೀರಿತ್ತು. ಒಂಬತ್ತು ವರ್ಷಕ್ಕೆ ಸ್ಕೂಲು ಸೇರಿದವನು ಅಂತ ಡೆಲ್ಲಿಯವರು ಯಾಕೆ ಬಿಟ್ಟಾರು? ಅವನು ಗೋಡೆಗೆ ಒರಗಿ ಕೂತ. ಅಳಲಿಲ್ಲ.

ನನಗೆ ತಟ್ಟನೆ ಹೊಳೆದದ್ದು ಪಟೇಲ. ಆ ಸೈಕಲ್ಲು ಇಲ್ಲಿಂದ ಅವನ ಮನೆಗೇ ಹೋಗಿತ್ತಲ್ಲ. ಕುಳವಾಡಿ ಮಗ ಕುರ್ಚಿ ಮೇಲೆ ಕೂರುವುದನ್ನು ಅವನು ಸಹಿಸಿಯಾನೇ? ಇಟ್ಟ ಸಾರು ಒಲೆ ಮೇಲೇ ಬಿಟ್ಟು ಹೋದೆ. ಅವನ ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಬೈಗುಳ ಉಂಡಾದ ಮೇಲೆ ಹೇಳಬೇಕು ಅಂತ ಅಪ್ಪ ಕಲಿಸಿದ್ದು ನೆನಪಿಗೆ ಬರಲಿಲ್ಲ. ಪಟೇಲ ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಎಲ್ಲ ಕೇಳಿದ.

"ಮುಗೀತಾ?" ಅಂದ.

"ಇನ್ನೂ ಐತೆ ಬುದ್ಧಿ."

"ಇರ್ಲಿ, ಆಮೇಲ್ ಬೈಯುವೆಯಂತೆ. ನಿನ್ ತಮ್ಮನ್ ಬಗ್ಗೆ ನಾನು ಒಳ್ಳೇದೇ ಏಳಿದ್ದೆ ಕಣಮ್ಮಿ. ಓದಿರೋನು, ಕೆಟ್ ಚಾಳಿ ಇಲ್ಲ, ಅವರಪ್ಪನ್ ಮಾತು ಅಂದ್ರೆ ಎರಡೂರಿಗೂ ಎಲ್ಲೆ ಇದ್ದಂಗೆ ಅಂದೆ. ಪೊಲೀಸಿನೋನು ನಕ್ಕ. 'ಸ್ವಂತ ಅಕ್ಕನೇ ಸಂಬಂಧ ಇಲ್ಲ ಅಂತಾವ್ಳೆ, ಚೀನಾಕ್ಕೆ ಓಡೋಗವ್ನೆ ಅಂತಾವ್ರೆ, ನೀವ್ ನೋಡುದ್ರೆ ಇಂಗಂತೀರಿ' ಅಂದ. ಡೆಲ್ಲಿ ಕೆಲ್ಸಕ್ಕೆ ನಡತೆ ಇಚಾರ್ಸಕ್ಕೆ ಬಂದಿದ್ನಂತೆ. ಇಲ್ಲೇ ಕುಂತ್ಕೊಂಡು ಬರ್ದ, ಒಂಟೋದ."

ನನ್ನ ಕಾಲ ಕೆಳಗಿನ ಸಗಣಿ ಸಾರಿಸಿದ ನೆಲ ಬಿಸಿಲಿಗೆ ಸುಡುತ್ತಿತ್ತು. ಅದು ಮಾತ್ರ ಗೊತ್ತಾಗುತ್ತಿತ್ತು.

"ಗೊತ್ತಿದ್ದೂ ನಮ್ಗೆ ಒಂದ್ ಮಾತು ಏಳ್ಬಾರ್ದಾಗಿತ್ತಾ ಬುದ್ಧಿ? ಮೂರು ತಿಂಗ್ಳು ನಾನು ಇದೇ ಅಂಗಳದಲ್ಲಿ ಸಗಣಿ ಬಾಚಿದ್ನಲ್ಲ?"

"ನಿಮ್ ಮನೆ ಇಚಾರ, ನಾನ್ಯಾಕ್ ಅಡ್ಡ ಬರ್ಲಿ?" ಅಂದು ಅಡಿಕೆ ಬಾಯಿಗೆ ಹಾಕಿಕೊಂಡ.

ಅವನು ಸುಳ್ಳು ಹೇಳಲಿಲ್ಲ, ನಿಜ. ಸುಮ್ಮನಿದ್ದ. ಅಪ್ಪ ಅವನ ಮಾತು ಹೊತ್ತು ಹೊಳೆ ದಾಟಿ, ಮಳೆಯಲ್ಲಿ ನೆನೆದು, ಊರೂರು ಅಲೆದ. ಅಪ್ಪನ ಮನೆಗೆ ಒಂದು ಮಾತು ಮುಟ್ಟಿಸಲು ಪಟೇಲನಿಗೆ ನೂರು ಹೆಜ್ಜೆ ದೂರವಾಯಿತು. ಇವತ್ತಿಗೂ ನಾನು ಅವನನ್ನು ಕ್ಷಮಿಸಿಲ್ಲ. ಆದರೆ ಕೆಲಸ ತಪ್ಪಿಸಿದವನು ಅವನು ಅಂತ ಯಾರಾದರೂ ಅಂದರೆ ಒಪ್ಪುವುದಿಲ್ಲ.

ಡೆಲ್ಲಿಯವರ ಮೇಲೂ ನನಗೆ ಸಿಟ್ಟಿದೆ. ಯಾರೋ ದೂರದ ದೇಶದವನ ಹತ್ತಿರ ಹೇಗೆ ಮಾತಾಡಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು ಅಂತ ಪರೀಕ್ಷೆ ಇಟ್ಟು ಜನ ಹುಡುಕುತ್ತಾರೆ. ಅದೇ ಜನರ ಮನೆಗೆ ಬಂದು "ನಿಮ್ಮ ಹುಡುಗ ಒಳ್ಳೆಯವನೇ, ನಮಗೆ ಬೇಕಾಗಿದ್ದಾನೆ" ಅಂತ ಕೇಳಲು ಲಾಠಿ ಹಿಡಿದವನನ್ನು ಕಳಿಸುತ್ತಾರೆ. ಅವನು ಯಾಕೆ ಕೇಳುತ್ತಿದ್ದೇನೆ ಅಂತ ಹೇಳುವುದಿಲ್ಲ, ಮರ ದಾಟಿ ಈಚೆಗೆ ಬರುವುದೂ ಇಲ್ಲ. ನಮ್ಮಪ್ಪನನ್ನು ಕಳಿಸಿದ್ದರೆ ಮೊದಲು ಅಂಗಳದಲ್ಲಿ ನಿಂತು, ಯಾರು ಕಳಿಸಿದರು, ಯಾತಕ್ಕೆ ಕಳಿಸಿದರು ಅಂತ ಹೇಳಿ ಆಮೇಲೆ ಬಾಯಿ ತೆರೆಯುತ್ತಿದ್ದ. ಇಷ್ಟು ಗೊತ್ತಿಲ್ಲದವರು ಚೀನಾದವರ ಹತ್ತಿರ ಅದೇನು ಮಾತಾಡಿದರೋ.

ಆದರೂ ಬಾಯಿ ನನ್ನದು.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಶರ್ಟಿನ ವಿಷಯ, "ಬುಡಿ ಸಾ" ಅಂದದ್ದು, ಅಜ್ಜಿಯ ಹಡಗು, ಒಂದೂ ಬಿಡದೆ ಹೇಳಿದೆ. ಅಪ್ಪ ಕಂಬಳಿಯೊಳಗೆ ಮುಖ ಹಾಕಿಕೊಂಡ. ತಮ್ಮ ನನ್ನ ಕಡೆ ತಿರುಗಿದ.

"ನನ್ನ ಇಡಿಯಕ್ ಬಂದವ್ರೆ ಅಂದ್ಕೊಂಡ್ಯಾ?" ಅಂದ.

"ಊಂ."

"ಸರಿ ಬುಡಕ್ಕ. ಕೇರಿಲಿ ಎಲ್ರೂ ಅಂಗೇ ಅಂತಿದ್ರು. ನಾನಾಗಿದ್ರೂ ಅಂಗೇ ಅಂತಿದ್ದೆ."

"ಬೈಯ್ಲಾ ನನ್ನ."

"ಯಾಕ್ ಬೈಯ್ಲಿ?"

ಬೈದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಉಂಡು ಮಲಗಿದ. ಮಾರನೆಯ ದಿನ ಹಾಸನಕ್ಕೆ ವಾಪಸು ಹೋಗುವೆ ಅಂದ.

ಬೆಳಗ್ಗೆ ಅವನು ಏಳುವುದಕ್ಕೆ ಮುಂಚೆ ಆ ಬಿಳಿ ಶರ್ಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮೊದಲ ಬಸ್ಸು ಹತ್ತಿ ಹೊಳೆನರಸೀಪುರದಲ್ಲಿ ಇಳಿದೆ. ಪೊಲೀಸ್ ಸ್ಟೇಷನ್ನಿಗೆ ಹೋದೆ. ನಮ್ಮ ಕೇರಿಯಿಂದ ಅಲ್ಲಿಗೆ ತಾವಾಗಿ ಹೋದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಹುಣಸೆ ಮರದವನು ಕಾಣಲಿಲ್ಲ. ಕನ್ನಡಕ ಹಾಕಿದ ರೈಟರು ಮೇಜಿನ ಹಿಂದೆ ಕೂತಿದ್ದ.

"ನನ್ ತಮ್ಮನ್ ಇಚಾರ ಸಾ. ಡೆಲ್ಲಿ ಕೆಲ್ಸಕ್ಕೆ ಇಚಾರ್ಸಕ್ಕೆ ಬಂದಿದ್ರಲ್ಲ, ಆಗ ನಾನೇಳಿದ್ದೆಲ್ಲ ಸುಳ್ಳು. ಈಗ ನಿಜ ಏಳ್ತೀನಿ, ಬರ್ಕೊಳಿ."

ಅವನು ಕನ್ನಡಕ ಮೇಲೆತ್ತಿದ. "ಅದು ಹಾಸನಕ್ಕೋಗಿ, ಅಲ್ಲಿಂದ ಡೆಲ್ಲಿಗೋಗಿ ಎಷ್ಟೋ ದಿನ ಆಯ್ತಲ್ಲಮ್ಮ. ಈಗ ಬರ್ಕೊಂಡು ಏನ್ ಮಾಡ್ಲಿ?"

"ಸುಳ್ ಏಳ್ದಾಗ ಬರ್ಕೊಂಡ್ರಲ್ಲ ಸಾ. ನಿಜ ಏಳುವಾಗ ಪೆನ್ಸಿಲ್ ಸವ್ದೋಯ್ತಾ?"

"ಪೊಲೀಸ್ಗೆ ಸುಳ್ ಹೇಳಿದ್ದಕ್ಕೆ ನಿನ್ನೇ ಒಳಗಾಕ್ಬೋದು, ಗೊತ್ತಾ?"

"ಆಕಿ ಸಾ. ಬರ್ಕೊಂಡ್ ಆಕಿ."

ಗೋಡೆ ಪಕ್ಕ ನಿಂತೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಅವನು ಟೀ ತರಿಸಿ ಕುಡಿದ. ನಾನು ನಿಂತೇ ಇದ್ದೆ. ಕೊನೆಗೆ ಬೇಸತ್ತು ಒಂದು ಹಾಳೆ ಎಳೆದುಕೊಂಡ. ನಾನು ಶರ್ಟನ್ನು ಅವನ ಮೇಜಿನ ಮೇಲೆ ಹಾಕಿ ಅಲ್ಲಿಂದಲೇ ಶುರು ಮಾಡಿದೆ. ಇದು ನನ್ನ ಗಂಡನದಲ್ಲ, ಅವನದು. ಪೊಲೀಸಿನವನು ಬರುವುದಕ್ಕೆ ಹದಿನೈದು ದಿನ ಮುಂಚೆ ಅವನು ಊರಿಗೆ ಬಂದಿದ್ದ. ಹಡಗು ಹತ್ತಿಲ್ಲ, ಎಲ್ಲಿಗೂ ಓಡಿಹೋಗಿಲ್ಲ. ಅವನು ಯಾವ ತಪ್ಪೂ ಮಾಡಿಲ್ಲ. ನಾನು ಅವನ ಅಕ್ಕ.

ಬರೆದು ಮುಗಿಸಿ ಕಾಗದವನ್ನು ನನ್ನ ಕಡೆ ತಳ್ಳಿದ. ಅವನ ಗೀಚಕ್ಷರ ನನಗೆ ಓದಲಾಗಲಿಲ್ಲ, "ಓದಿ ಏಳಿ ಸಾ" ಅಂದೆ. ಗೊಣಗಿಕೊಂಡು ಓದಿದ. ಎಲ್ಲ ಇತ್ತು, ಕೊನೆಯದೊಂದು ಇರಲಿಲ್ಲ.

"ಅಕ್ಕ ಅಂದಿದ್ದು ಬುಟ್ಬುಟ್ರಿ."

"ಅದೊಂದ್ ಇಲ್ದಿದ್ರೆ ಏನಾಯ್ತದೆ?"

"ಅವತ್ತು ಇಲ್ಲ ಅಂದಿದ್ದು ಅದುನ್ನೇ ಸಾ."

ಮತ್ತೆ ಪೆನ್ನು ತೆಗೆದ. ಬರೆಯುವವರೆಗೆ ನೋಡುತ್ತಿದ್ದು, ಆಮೇಲೆ ಕೆಳಗೆ ರುಜು ಹಾಕಿದೆ.